ವಾಕರ್‌ನಲ್ಲಿ ಕೂರಿಸಿದ್ರೆ ಮಗು ಬೇಗ ನಡೆಯುತ್ತಾ?

ಜಯನಗರ 4ನೇ ಬ್ಲಾಕ್ ಇರಲಿ, ಬಿಟಿಎಂ ಲೇಔಟ್ ಇರಲಿ, ಮಕ್ಕಳ ಸಾಮಾನಿನ ಅಂಗಡಿಗಳಲ್ಲಿ ಚಕ್ರದ ವಾಕರ್ ಈಗಲೂ ಮಾರಾಟ ಆಗ್ತಿದೆ. ‘ಕಾಲಿಗೆ ಅಭ್ಯಾಸ ಆಗ್ಲಿ, ಬೇಗ ನಡಿಯತ್ತೆ’ ಅನ್ನೋದು ಕೊಳ್ಳುವವರ ಲೆಕ್ಕ.

ಅಭ್ಯಾಸದಿಂದ ಮಗು ಕಲಿಯುತ್ತೆ, ಅದು ನಿಜ. ಆದರೆ ವಾಕರ್‌ನಲ್ಲಿ ಆಗೋದು ನಡಿಗೆಯ ಅಭ್ಯಾಸ ಅಲ್ಲ. ಮೈಭಾರ ಹೊರೋದು ಸೀಟು. ಮಗು ತುದಿಗಾಲಲ್ಲಿ ನೆಲ ಒದೆಯುತ್ತೆ ಅಷ್ಟೆ. ಮುಂದಿನ ತಟ್ಟೆ ಅಡ್ಡ ಬಂದು ಅದರ ಕಾಲು ಅದಕ್ಕೇ ಕಾಣಲ್ಲ. ವಾಲಿದಾಗ ಸಾವರಿಸಿಕೊಳ್ಳೋ ಕಲೆ, ಅಂದ್ರೆ ನಡಿಗೆಯ ನಿಜವಾದ ಪಾಠ, ತಪ್ಪಿಹೋಗುತ್ತೆ.

ಆ ಪಾಠ ಎಷ್ಟು ದೊಡ್ಡದು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆರೆನ್ ಅಡಾಲ್ಫ್ ತಂಡ 2012ರಲ್ಲಿ 12ರಿಂದ 19 ತಿಂಗಳ ಮಕ್ಕಳ ಆಟ ನೋಡಿ ಎಣಿಸಿತು. ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳೋದು! ಎದ್ದು ಬಿದ್ದೇ ಕಲಿಯೋದು ಅಂತ ಅಜ್ಜಿಯರು ಹೇಳೋದು ಇದನ್ನೇ.

1972ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹಸುಗೂಸುಗಳನ್ನು ನೆಟ್ಟಗೆ ಹಿಡಿದು ದಿನಕ್ಕೆ 12 ನಿಮಿಷ ಹೆಜ್ಜೆ ಹಾಕಿಸಿದ್ರು. ಆ ಮಕ್ಕಳು ಉಳಿದವಕ್ಕಿಂತ ಒಂದು ತಿಂಗಳಿಗೂ ಹೆಚ್ಚು ಮುಂಚೆ ನಡೆದವು. ಆದರೆ ಇದ್ದದ್ದು ಬರೀ 24 ಮಕ್ಕಳು. ಒಂದು ತಿಂಗಳು ಮುಂಚೆ ನಡೆದ್ರೆ ಯಾರೂ ಬಹುಮಾನ ಕೊಡಲ್ಲ, ಬಿಡಿ.

ಬೇಕಿರೋದು ನೆಲ. ಎಚ್ಚರ ಇರುವಾಗ ಚಾಪೆ ಮೇಲೆ ಬೋರಲು ಮಲಗಿಸಿ, ಕಣ್ಣಳತೆಯಲ್ಲೇ ಇರಿ. ಇನ್ನೂ ಹರಿದಾಡದ ಕೂಸಿಗೆ ಇದು ದಿನಕ್ಕೆ ಒಟ್ಟು 30 ನಿಮಿಷವಾದ್ರೂ ಬೇಕು ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎರಡೆರಡು ನಿಮಿಷ ಆದ್ರೂ ಸರಿ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು.

ಕೆನಡಾ 2004ರಲ್ಲೇ ವಾಕರ್ ಮಾರಾಟ ನಿಷೇಧಿಸಿತು, ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗ್ತಿತ್ತು ಅಂತ. ಬಾಗಿಲ ಎದುರೇ ಮೆಟ್ಟಿಲಿರೋ ನಮ್ಮ ಮಹಡಿ ಮನೆಗಳಿಗೆ ಇದು ದೂರದ ಸುದ್ದಿ ಅಲ್ಲ. ಅಂಗಡಿಯವರು ಮರದ ತಳ್ಳುಗಾಡಿ ತೋರಿಸಬಹುದು. ಹಿಡಿದು ನಿಲ್ಲೋ ಮಗು ಅದನ್ನು ಸ್ವಂತ ಕಾಲಲ್ಲೇ ತಳ್ಳುತ್ತೆ.

ಆರೋಗ್ಯವಂತ ಮಕ್ಕಳು ಸುಮಾರು 8ರಿಂದ 18 ತಿಂಗಳೊಳಗೆ ಯಾವಾಗ ಬೇಕಾದ್ರೂ ನಡೀಬಹುದು. ಕೆಲವು ಅಂಬೆಗಾಲೇ ಇಡಲ್ಲ. ಪಕ್ಕದ ಮನೆ ಮಗು ಜೊತೆ ಹೋಲಿಸಬೇಡಿ. ಆದರೆ ಐದು ತಿಂಗಳಾದ್ರೂ ಕತ್ತು ನಿಲ್ಲದಿದ್ರೆ, ಒಂಬತ್ತು ದಾಟಿದ್ರೂ ಕೂರದಿದ್ರೆ, ಹದಿನೆಂಟಾದ್ರೂ ನಡೆಯದಿದ್ರೆ ಕಾಯಬೇಡಿ. ತಾಯಿ ಕಾರ್ಡ್ ಹಿಡಿದು ಜಯನಗರ ಜನರಲ್ ಆಸ್ಪತ್ರೆಗೋ, ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೋಗಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದ್ರೆ ಡಾಕ್ಟರ್ ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ತಿಂಗಳು ಎಣಿಸಿ.