ಗೋಬಿ ಮಂಚೂರಿ ಚೀನಾದ್ದಾ? ನಿಜಕ್ಕೂ ಬ್ಯಾನ್ ಆಗಿದೆಯಾ?

‘ಗೋಬಿ ಮಂಚೂರಿ ಚೀನಾದ ವಿಷ, ಕರ್ನಾಟಕದಲ್ಲಿ ಬ್ಯಾನ್’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಇದು ಚೀನಾದ ಅಡುಗೆಯೇ ಅಲ್ಲ. ಮಂಚೂರಿಯಾ ಎಂದರೆ ಈಶಾನ್ಯ ಚೀನಾದ ಹಳೆಯ ಹೆಸರು. ಅಲ್ಲಿನ ಹಾರ್ಬಿನ್ ನಗರಕ್ಕೆ ಹೋದವರಿಗೆ ಸಿಗುವ ಹೆಸರಾಂತ ತಿನಿಸು ‘ಗುವೊ ಬಾವೊ ರೌ’. ಹಂದಿಮಾಂಸದ ಹೋಳುಗಳನ್ನು ಆಲೂಗಡ್ಡೆ ಹಿಟ್ಟಿನಲ್ಲಿ ಅದ್ದಿ, ಕರಿದು, ಸಕ್ಕರೆ ಮತ್ತು ವಿನೆಗರ್ ಸಾಸ್‌ನಲ್ಲಿ ಹೊರಳಿಸುತ್ತಾರೆ. ಅದರ ಬಣ್ಣ ಹೊಂಬಣ್ಣ. ನಮ್ಮ ‘ಮಂಚೂರಿಯನ್’ ಹುಟ್ಟಿದ್ದು ಮುಂಬೈಯಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್ ಹಾಕಿ ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ.

ಎರಡನೆಯದು, ಬ್ಯಾನ್ ಆದದ್ದು ಗೋಬಿಯಲ್ಲ, ಅದಕ್ಕೆ ಹಾಕುವ ಕೃತಕ ಬಣ್ಣ. ರಾಜ್ಯ ಸರ್ಕಾರ ಪರೀಕ್ಷೆ ಮಾಡಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಗೊತ್ತಾದ ಮೇಲೆ, 2024ರ ಮಾರ್ಚ್‌ನಲ್ಲಿ ಈ ಆದೇಶ ಬಂತು. ಟಾರ್ಟ್ರಜೀನ್, ಕಾರ್ಮೋಯ್ಸಿನ್‌ನಂಥ ಬಣ್ಣಗಳನ್ನು ಸಿಹಿತಿಂಡಿ, ಐಸ್‌ಕ್ರೀಂನಂಥ ಕೆಲವೇ ತಿನಿಸುಗಳಿಗೆ ಮಿತಿಯೊಳಗೆ ಬಳಸಬಹುದು, ಗೋಬಿಗೆ ಹಾಕುವಂತಿಲ್ಲ.

ಬಣ್ಣ ಇಲ್ಲದಿದ್ದರೆ ರುಚಿ ಇರಲ್ಲ ಅನ್ನುವವರು ಬಂಗಾರಪೇಟೆ ಪಾನಿಪುರಿ ನೆನಪಿಸಿಕೊಳ್ಳಿ. ಅದರ ಪಾನಿ ನೋಡಲು ಕುಡಿಯುವ ನೀರಿನಷ್ಟೇ ತಿಳಿ, ಬಾಯಿಗೆ ಬಿದ್ದರೆ ಖಾರ. ಗೋಬಿ ಕೆಂಪಗೇ ಇರಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ಸಾಕು.

ಕೆಜಿಎಫ್ ಇರಲಿ, ಬಂಗಾರಪೇಟೆ ಇರಲಿ, ಗಾಡಿಯ ಮುಂದೆ ನಿಂತಾಗ ‘ಅಣ್ಣಾ, ಕಲರ್ ಹಾಕ್ತೀರಾ?’ ಎಂದು ಕೇಳಿ. ಹಾಕದವರ ಹತ್ತಿರ ತಿನ್ನಿ. ತಪ್ಪು ಫಾರ್ವರ್ಡ್ ಹೊಡೆಯುವುದು ಅವರ ಹೊಟ್ಟೆಯ ಮೇಲೆಯೇ.