ತಂತ್ರಾಂಶದ ಕರಡಚ್ಚು

ಪುಸ್ತಕ ಅಚ್ಚಾಗುವ ಮುನ್ನ ಕರಡು ತಿದ್ದುವ ಕೆಲಸ ನಮ್ಮಲ್ಲಿ ಅನೇಕರಿಗೆ ಪರಿಚಿತ. ಗಣಕದ ತಂತ್ರಾಂಶಕ್ಕೂ ಅಂಥದೊಂದು ಕರಡು ಉಂಟು. ತಯಾರಕರು ತಮ್ಮೊಳಗೇ ಪರೀಕ್ಷಿಸುವ ರೂಪ ‘ಆಲ್ಫಾ’. ಹೊರಗಿನವರ ಕೈಗೆ ಕೊಟ್ಟು ನೋಡುವ ರೂಪ ‘ಬೀಟಾ’. ಇವು ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳು.

ಗಣಕಕ್ಕೆ ಆದೇಶಗಳನ್ನು ಬರೆಯುವ ಸಂಪಾದಕ ತಂತ್ರಾಂಶಗಳಲ್ಲಿ ಈ ಪದ್ಧತಿ ಎದ್ದು ಕಾಣುತ್ತದೆ. 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ವಿಷುಯಲ್ ಸ್ಟುಡಿಯೋ ಕೋಡ್’ಗೆ ‘ಇನ್‌ಸೈಡರ್ಸ್’ ಎಂಬ ಪ್ರಯೋಗರೂಪವಿದೆ. ಸ್ಥಿರರೂಪದ ಪಕ್ಕದಲ್ಲೇ ಅದನ್ನೂ ಬೇರೆಯಾಗಿ ಇರಿಸಿಕೊಳ್ಳಬಹುದು.

ಕನ್ನಡಿಗರಿಗೆ ಇದರಿಂದೇನು? ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ಈಕಾರದ ಚಿಹ್ನೆ. ಅಕ್ಷರಕ್ಕೊಂದು ಸಮನಾದ ಮನೆಯೆಂದು ಎಣಿಸುವ ಸಂಪಾದಕದಲ್ಲಿ ಈ ಸಾಲು ಒಡೆಯಬಹುದು.

ಅಳವಂಡಿಯಲ್ಲಿ ಒಂದು ಸಂಜೆ ಇಂಥದೊಂದು ಪ್ರಯೋಗರೂಪದಲ್ಲಿ ಹಳಗನ್ನಡ ಪದಗಳ ಪಟ್ಟಿ ಮಾಡುತ್ತಿದ್ದೆ. ಒತ್ತಕ್ಷರಗಳು ಕಳಚಿ ನಿಂತವು, ಒಡನೆಯೇ ತಂತ್ರಾಂಶ ಮುಚ್ಚಿಕೊಂಡಿತು, ಪಟ್ಟಿಯೂ ಹೋಯಿತು. ಇನ್ನೊಂದು ಪ್ರತಿಯನ್ನು ಇರಿಸಿಕೊಳ್ಳದಿದ್ದುದು ನನ್ನದೇ ತಪ್ಪು. ಆದ್ದರಿಂದ ಮೊದಲ ಮಾತು: ಇರುವ ಒಂದೇ ಪ್ರತಿಯನ್ನು ಬೀಟಾದ ಕೈಗೆ ಕೊಡಬಾರದು. ಎರಡನೆಯದು: ಬೈದು ಸುಮ್ಮನಾಗದೆ, ಯಾವ ಆವೃತ್ತಿ, ಏನು ಬರೆದೆವು, ಏನು ಮೂಡಿತು ಎಂಬುದನ್ನು ತಯಾರಕರಿಗೆ ಕ್ರಮವಾಗಿ ತಿಳಿಸಬೇಕು. ಮತ್ತೊಬ್ಬರು ಅದೇ ದೋಷವನ್ನು ಮರಳಿ ಕಾಣುವಂತಾದರೆ ಮಾತ್ರ ಅದು ತಿದ್ದುಪಡಿಗೆ ಒದಗುತ್ತದೆ.

ಕೊಪಣ ತಿರುಳ್ಗನ್ನಡದ ನಾಡೆಂದು ಕವಿರಾಜಮಾರ್ಗವು ಎಣಿಸಿದೆ. ನಾವು ಅದರ ನೆರೆಯವರು. ಆ ನುಡಿ ಪರದೆಯ ಮೇಲೆ ಒಡೆದು ನಿಂತಾಗ, ಅದು ಒಡೆದಿದೆಯೆಂದು ಹೇಳಬಲ್ಲವರು ಅದನ್ನು ಓದಬಲ್ಲವರೇ ಅಲ್ಲವೆ?