ಎದುರು ಬಿಸಿಲಿನ ದಾರಿಗೆ ತಕ್ಕ ಕೂಲಿಂಗ್ ಗ್ಲಾಸ್

ಬೈಕ್ ಸವಾರರ ಕೂಲಿಂಗ್ ಗ್ಲಾಸ್ ಎರಡು ಬೇರೆ ಬೇರೆ ಕೆಲಸ ಮಾಡಬೇಕು. ಕಣ್ಣು ಕುಕ್ಕುವ ಬೆಳಕನ್ನು ತಗ್ಗಿಸುವುದು ಒಂದು, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ತಡೆಯುವುದು ಇನ್ನೊಂದು. ಕಪ್ಪು ಬಣ್ಣದಿಂದ ಆಗುವುದು ಮೊದಲನೆಯ ಕೆಲಸ ಮಾತ್ರ. ಎರಡನೆಯದನ್ನು ಮಾಡುವುದು ಗಾಜು ಯಾವ ವಸ್ತುವಿನದು, ಅದರೊಳಗೆ ಏನು ಬೆರೆತಿದೆ, ಮೇಲೆ ಏನು ಲೇಪಿಸಿದೆ ಎಂಬುದು. ಅದಕ್ಕೆ ಬಣ್ಣ ಇರಲೇಬೇಕೆಂದಿಲ್ಲ. ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಗಾಜು ನೇರಳಾತೀತವನ್ನು ಬಹುಪಾಲು ತಾನಾಗಿಯೇ ಹೀರಿಕೊಳ್ಳುತ್ತದೆ.

ಪಶ್ಚಿಮ ಬೆಂಗಳೂರಿನವರಿಗೆ ಈ ಎರಡೂ ಕೆಲಸಗಳು ಮುಖ್ಯ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಿಂದ ಊರೊಳಗೆ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡುತ್ತಾರೆ, ಸಂಜೆ ಪಶ್ಚಿಮಕ್ಕೆ. ಹೋಗುವಾಗಲೂ ಬರುವಾಗಲೂ ಸೂರ್ಯ ಎದುರಿಗೇ. ವೈಟ್‌ಫೀಲ್ಡ್ ಕಡೆಯಿಂದ ಊರೊಳಗೆ ಬರುವವರಿಗೆ ಅದೇ ಬಿಸಿಲು ಎರಡು ಹೊತ್ತೂ ಬೆನ್ನಿಗೆ ಬೀಳುತ್ತದೆ. ಮಾಗಡಿ ರಸ್ತೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಸಾಗುವುದರಿಂದ ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ಸೂರ್ಯ ರಸ್ತೆಯ ತುದಿಯಲ್ಲೇ ಇಳಿಯುತ್ತಾನೆ. ಮೈಸೂರು ರಸ್ತೆ ನೈರುತ್ಯಕ್ಕೆ ವಾಲಿದೆ. ಅಲ್ಲಿ ಈ ಕಾಟ ಜೋರಾಗುವುದು ಡಿಸೆಂಬರ್ ಸುಮಾರಿಗೆ, ಸೂರ್ಯ ದಕ್ಷಿಣಕ್ಕೆ ಸರಿದಾಗ. ಹೀಗೆ ಇಳಿದ ಬಿಸಿಲಿನಲ್ಲಿ ಪ್ರಖರತೆ ಹೆಚ್ಚು, ನೇರಳಾತೀತ ಕಡಿಮೆ.

ನಡುಹಗಲಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗಿರುವ ಕಂಬಕ್ಕೆ ನೆರಳೇ ಇಲ್ಲವಾಗುತ್ತದೆ. ಎತ್ತರ ಹೆಚ್ಚಿದಷ್ಟೂ ನೇರಳಾತೀತವನ್ನು ಸೋಸುವ ಗಾಳಿ ತೆಳುವಾಗುತ್ತದೆ. ಊರಿನ ಹವೆ ತಂಪು, ಹಾಗಾಗಿ ಬಿಸಿಲೂ ಸೌಮ್ಯ ಎಂಬ ನಂಬಿಕೆ ತಪ್ಪು. ಸೆಖೆಗೂ ನೇರಳಾತೀತಕ್ಕೂ ನೇರ ಸಂಬಂಧವಿಲ್ಲ. ವರ್ಷಗಟ್ಟಲೆ ಈ ಕಿರಣಗಳಿಗೆ ಒಡ್ಡಿಕೊಂಡ ಕಣ್ಣಿನಲ್ಲಿ ಪೊರೆ ಬೇಗ ಬರುವ, ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ಮಾಂಸದ ಪದರ ಬೆಳೆಯುವ ಅಪಾಯ ಹೆಚ್ಚು.

ಕಪ್ಪಾಗಿದ್ದೂ ನೇರಳಾತೀತವನ್ನು ತಡೆಯದ ಗಾಜು ಬರಿಗಣ್ಣಿಗಿಂತಲೂ ಕೆಟ್ಟದ್ದಾಗಬಹುದು. ಕತ್ತಲಾಯಿತೆಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಹಿಗ್ಗಿದ ಬಾಗಿಲಿನಿಂದ ಕಾಣದ ಕಿರಣ ಇನ್ನಷ್ಟು ಒಳನುಗ್ಗುತ್ತದೆ. ‘ಯುವಿ 400’ ಎಂಬ ಗುರುತಿನ ಅರ್ಥ 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ಗಾಜು ತಡೆಯುತ್ತದೆ ಎಂದು. ಆದರೆ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು, ಪರೀಕ್ಷಿಸಿ ನೋಡುವುದೇ ಸರಿ. ಅನೇಕ ಕನ್ನಡಕದ ಅಂಗಡಿಗಳಲ್ಲಿ ಇದನ್ನು ಅಳೆಯುವ ಪುಟ್ಟ ಯಂತ್ರವಿರುತ್ತದೆ. ಇಲ್ಲದಿದ್ದರೆ 365 ನ್ಯಾನೊಮೀಟರಿನ ಯುವಿ ಟಾರ್ಚ್ ಮತ್ತು ಒಂದು ನೋಟು ಸಾಕು. ಟಾರ್ಚನ್ನು ನೋಟಿಗೆ ಹಿಡಿದರೆ ಕ್ರಮಸಂಖ್ಯೆಯ ಅಂಕಿಗಳು, ಕಾಗದದೊಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ. ಟಾರ್ಚಿಗೂ ನೋಟಿಗೂ ನಡುವೆ ಕನ್ನಡಕದ ಗಾಜು ತಂದಾಗ ಆ ಹೊಳಪು ನಂದಿಹೋಗಬೇಕು. ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಕನ್ನಡಕವೂ ಈ ಪರೀಕ್ಷೆಯಲ್ಲಿ ಗೆಲ್ಲುವುದುಂಟು. ಅದು ಸೋಲುವುದು ಹೆಚ್ಚಾಗಿ ಇನ್ನೊಂದು ಕಡೆ. ಕನ್ನಡಕವನ್ನು ಕೈಯಳತೆಯ ದೂರದಲ್ಲಿ ಹಿಡಿದು, ಗಾಜಿನ ಮೂಲಕ ಕಿಟಕಿಯ ಸರಳನ್ನೋ ಟೈಲ್ಸಿನ ಗೆರೆಯನ್ನೋ ನೋಡುತ್ತ ನಿಧಾನವಾಗಿ ಅತ್ತಿತ್ತ ಸರಿಸಬೇಕು. ಗೆರೆ ಅಲೆಅಲೆಯಾಗಿ ಬಳುಕಿದರೆ ಅಂಥ ಗಾಜು ರಸ್ತೆಯ ಗುಂಡಿಯನ್ನೂ ಹಂಪನ್ನೂ ಇದ್ದಲ್ಲಿ ತೋರಿಸುವುದಿಲ್ಲ. ತಲೆನೋವೂ ತರುತ್ತದೆ.

ಎಷ್ಟು ಕಪ್ಪು ಬೇಕು? ಐಎಸ್‌ಒ 12312-1 ಮಾನದಂಡ ಗಾಜುಗಳನ್ನು 0ಯಿಂದ 4ರವರೆಗೆ ವಿಂಗಡಿಸುತ್ತದೆ. 2ನೆಯ ವರ್ಗದ್ದು ಶೇ 18ರಿಂದ 43ರಷ್ಟು ಬೆಳಕನ್ನು ಒಳಗೆ ಬಿಡುತ್ತದೆ, 3ನೆಯದು ಶೇ 8ರಿಂದ 18ರಷ್ಟು. ಶೇ 8ಕ್ಕಿಂತ ಕಡಿಮೆ ಬಿಡುವ 4ನೆಯ ವರ್ಗವನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ. ಮೈಸೂರು ರಸ್ತೆಯಲ್ಲೂ ಕಾರ್ಡ್ ರೋಡಿನಲ್ಲೂ ಮೆಟ್ರೊ ಮೇಲ್ಸೇತುವೆಯ ನೆರಳು, ಮರಗಳ ನೆರಳು, ಬಯಲು ಬಿಸಿಲು ಒಂದರ ಹಿಂದೊಂದು ಬರುತ್ತವೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ನೆರಳಿಗೆ ಕಣ್ಣು ಹೊಂದಿಕೊಳ್ಳಲು ಎರಡು ಸೆಕೆಂಡ್ ತಡವಾದರೂ 22 ಮೀಟರ್ ರಸ್ತೆ ಅರೆಗುರುಡಾಗಿ ಕಳೆದಿರುತ್ತದೆ. ಆದ್ದರಿಂದ ಇಂಥ ದಾರಿಗೆ 2ನೆಯ ವರ್ಗ ಅಥವಾ 3ರಲ್ಲಿ ತಿಳಿಯಾದದ್ದೇ ವಾಸಿ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಇಲ್ಲಿ ನೆರವಿಗೆ ಬರದು. ಮತ್ತೆ ತಿಳಿಯಾಗಲು ಅದಕ್ಕೆ ನಿಮಿಷಗಳೇ ಬೇಕು. ಜೊತೆಗೆ ಅದನ್ನು ಕಪ್ಪಾಗಿಸುವ ನೇರಳಾತೀತವನ್ನು ಹೆಲ್ಮೆಟ್ಟಿನ ವೈಸರೇ ತಡೆದುಬಿಡುತ್ತದೆ.

ಬಣ್ಣಗಳಲ್ಲಿ ಬೂದು ಎಲ್ಲ ಬಣ್ಣಗಳನ್ನೂ ಸಮವಾಗಿ ತಗ್ಗಿಸಿ ಸಿಗ್ನಲ್ಲಿನ ಕೆಂಪು, ಹಸಿರುಗಳನ್ನು ಇದ್ದಂತೆಯೇ ತೋರಿಸುತ್ತದೆ. ಕಂದು ಗಾಜಿನಲ್ಲಿ ರಸ್ತೆಯ ಏರುತಗ್ಗು ಎದ್ದು ಕಾಣುತ್ತದೆ. ಗಾಢ ನೀಲಿ, ಗುಲಾಬಿಗಳು ಸವಾರಿಗಲ್ಲ.

ಪೋಲರಾಯ್ಡ್ ಗಾಜಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒದ್ದೆ ರಸ್ತೆ, ಕಾರಿನ ಬಾನೆಟ್ಟುಗಳಂಥ ಮಟ್ಟಸ ಮೈಯಿಂದ ಪುಟಿದ ಬೆಳಕು ಬಹುಮಟ್ಟಿಗೆ ಅಡ್ಡಡ್ಡವಾಗಿ ಕಂಪಿಸುತ್ತದೆ. ಪ್ರತಿಫಲಿತ ಬೆಳಕಿನ ಈ ಗುಣವನ್ನು 1808ರಲ್ಲಿ ಗುರುತಿಸಿದವನು ಫ್ರಾನ್ಸಿನ ಮಾಲುಸ್. ಅಮೆರಿಕದ ಎಡ್ವಿನ್ ಲ್ಯಾಂಡ್ 1929ರ ಹೊತ್ತಿಗೆ ಅಂಥ ಬೆಳಕನ್ನು ತಡೆಯುವ ಹಾಳೆಯನ್ನು ರೂಪಿಸಿದ. ಪ್ರತಿಫಲನ ಅಳಿದು ನೋಟ ತಂಪಾಗುವುದು ನಿಜ. ಆದರೆ ಸೂರ್ಯನಿಂದ ನೇರ ಬರುವ ಬೆಳಕು ಹೀಗೆ ಒಂದೇ ದಿಕ್ಕಿಗೆ ಕಂಪಿಸುವುದಿಲ್ಲವಾದ್ದರಿಂದ ಎದುರು ಬಿಸಿಲಿಗೆ ಇದರಿಂದ ವಿಶೇಷ ಲಾಭವಿಲ್ಲ. ಮೊದಲ ಮಳೆ ಬಿದ್ದ ಸಂಜೆ ಸಿಗ್ನಲ್ಲಿನ ಬಳಿ ಎಣ್ಣೆ ಚೆಲ್ಲಿದ ಜಾಗವನ್ನು ಸವಾರರು ಗುರುತಿಸುವುದೇ ಅದರ ಹೊಳಪಿನಿಂದ. ಈ ಗಾಜು ಆ ಹೊಳಪನ್ನೂ ಮಂಕಾಗಿಸುತ್ತದೆ. ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲಿನ ಪರದೆ ಕೆಲವು ಕೋನಗಳಲ್ಲಿ ಕಪ್ಪಾಗುತ್ತದೆ, ವೈಸರಿನಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಏಳುತ್ತವೆ. ನಗರದ ಬೈಕಿಗೆ ಪೋಲರಾಯ್ಡ್ ಅಲ್ಲದ ಬೂದು ಗಾಜೇ ಮೇಲು.

ವಸ್ತುವಿನಲ್ಲಿ ಪಾಲಿಕಾರ್ಬೊನೇಟ್ ಮೊದಲ ಆಯ್ಕೆ. ಮುಂದಿನ ಲಾರಿಯ ಟೈರಿನಿಂದ ಸಿಡಿದ ಕಲ್ಲು ಬಡಿದರೂ ಅದು ಸುಲಭವಾಗಿ ಚೂರಾಗದು. ನಿಜವಾದ ಗಾಜಿನದು ಗೀರು ತಾಳುತ್ತದೆ, ಆದರೆ ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ. ಕೆನ್ನೆ, ಹುಬ್ಬುಗಳ ಸುತ್ತ ಬಾಗಿ ಕೂರುವ ಫ್ರೇಮು ಗಾಳಿಯನ್ನೂ ದೂಳನ್ನೂ ಪಕ್ಕದಿಂದ ನುಸುಳಲು ಬಿಡುವುದಿಲ್ಲ. ಕಡ್ಡಿಗಳು ತೆಳ್ಳಗೆ, ಚಪ್ಪಟೆಯಾಗಿ, ನೇರವಾಗಿರಬೇಕು. ದಪ್ಪ ಕಡ್ಡಿಯನ್ನು ಹೆಲ್ಮೆಟ್ಟಿನ ಮೆತ್ತೆ ಕಿವಿಯ ಮೇಲೆ ಒತ್ತಿ ಅರ್ಧ ಗಂಟೆಯಲ್ಲಿ ನೋಯಿಸುತ್ತದೆ. ಅಂಗಡಿಗೆ ಹೋಗುವಾಗ ಹೆಲ್ಮೆಟ್ ಒಯ್ದು, ಅದನ್ನು ಹಾಕಿಕೊಂಡೇ ಕನ್ನಡಕ ತೊಟ್ಟು ನೋಡುವುದು ಇದಕ್ಕಾಗಿ.

ಪಾಲಿಕಾರ್ಬೊನೇಟಿಗೆ ಬೇಗ ಗೀರು ಬೀಳುತ್ತದೆ. ದೂಳು ಕೂತ ಗಾಜನ್ನು ಅಂಗಿಯ ಚುಂಗಿನಿಂದ ಒರೆಸದೆ ಮೊದಲು ನೀರಿನಲ್ಲಿ ತೊಳೆಯಬೇಕು. ಎದುರು ಬಿಸಿಲಿನಲ್ಲಿ ಪ್ರತಿ ಗೀರೂ ಬೆಳಕನ್ನು ಚೆದುರಿಸಿ ಮುಂದಿನ ವಾಹನವನ್ನು ಮಸುಕಾಗಿಸುತ್ತದೆ. ಗೀರು ತುಂಬಿದ ಗಾಜನ್ನು ಬದಲಿಸಲೇಬೇಕು. ಹೊತ್ತು ಮುಳುಗಿದ ಮೇಲೆ ಯಾವ ಬಣ್ಣದ ಗಾಜೂ ಬೇಡ, ರಾತ್ರಿ ಸವಾರಿಗೆಂದು ಮಾರುವ ಹಳದಿಯದೂ ಸೇರಿ. ಕತ್ತಲಲ್ಲಿ ಹುಳು, ದೂಳುಗಳಿಂದ ಕಣ್ಣು ಕಾಯಲು ಬಣ್ಣವಿಲ್ಲದ ತಿಳಿ ವೈಸರ್ ಸಾಕು.